ರುಮಾಲಿನ ಕೆಳಗಿನ ಕೈ

ನಮ್ಮ ಸತ್ಯಪ್ಪ ಕಾಕಾ ಮಾತು ಕಡಿಮೆಯ ಮನುಷ್ಯ ಎಂದು ಸಾಂಗಲಿ ಪೇಟೆಯವರೆಲ್ಲ ಹೇಳುತ್ತಾರೆ. ಅದು ಅರ್ಧ ಸುಳ್ಳು. ಕಾಕಾ ಬಾಯಿಂದ ಮಾತಾಡಿದ್ದು ಕಡಿಮೆ, ಅಷ್ಟೆ. ಜೀವಮಾನವಿಡೀ ಅವರು ಬೆರಳಿನಿಂದ ಮಾತಾಡಿದ್ದಾರೆ, ಅದೂ ಬಟ್ಟೆಯ ಕೆಳಗೆ, ಅದೂ ಹೆಚ್ಚಾಗಿ ಒಬ್ಬನೇ ಒಬ್ಬ ಮನುಷ್ಯನ ಜೊತೆಗೆ.

ನಾನು ಸುಮನ, ಅವರ ಅಣ್ಣನ ಮಗಳು. ಅವರ ಮನೆಯ ಓಣಿಯಲ್ಲೇ ನನ್ನ ಮನೆ. ಮರಾಠಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಹಾಗಾಗಿ ಸುತ್ತಿಬಳಸಿ ಹೇಳುವುದು ನನಗೆ ಆಗಿಬರುವುದಿಲ್ಲ. ಕಾಕಾನ ಮೇಲೆ ನನಗೆ ಜೀವ ಇದೆ, ಸಿಟ್ಟೂ ಇದೆ. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕಾಕಾನದು ಅರಿಶಿಣದ ಅಡತಿ ಅಂಗಡಿ. ರೈತರು ತಂದು ಸುರಿದ ಅರಿಶಿಣವನ್ನು ಅವರ ಪರವಾಗಿ ನಿಂತು ಮಾರಿಕೊಡುವ ಕೆಲಸ. ಹಳೆಯ ಪದ್ಧತಿಯಲ್ಲಿ ಅರಿಶಿಣದ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು ಎದುರಿಗೆ ಬಂದು ನಿಲ್ಲುತ್ತಿದ್ದ. ಇಬ್ಬರ ಬಲಗೈಗಳು ಸೇರುತ್ತಿದ್ದವು, ಮೇಲೆ ಒಂದು ರುಮಾಲು ಬೀಳುತ್ತಿತ್ತು. ರುಮಾಲಿನ ಕೆಳಗೆ ಕೊಳ್ಳುವವನು ಯಾವ ಬೆರಳು, ಎಷ್ಟು ಬೆರಳು ಹಿಡಿದನೋ ಅದು ಅವನ ದರ. ಒಪ್ಪಿಗೆ ಇಲ್ಲದಿದ್ದರೆ ಮಾರುವವನು ತಿರುಗಿ ತನ್ನ ಲೆಕ್ಕದ ಬೆರಳು ಹಿಡಿಯಬೇಕು. ಒಪ್ಪಿದರೆ ಇಡೀ ಅಂಗೈ ಒತ್ತಿಬಿಡಬೇಕು, ಸೌದಾ ಮುಗಿಯಿತು. ಸುತ್ತ ನಿಂತವರಿಗೆ ಕಾಣುತ್ತಿದ್ದದ್ದು ಎರಡು ಮುಖ ಮಾತ್ರ, ಆ ಮುಖಗಳು ಏನನ್ನೂ ಹೇಳಿಕೊಡುತ್ತಿರಲಿಲ್ಲ.

ಕಾಕಾನ ಎದುರಿಗೆ ನಿಂತು ಅತಿ ಹೆಚ್ಚು ಸಲ ಕೈ ಹಿಡಿದವರು ಮಿರಜದ ಧನ್ಯಕುಮಾರ. ಜೈನರು, ದೊಡ್ಡ ದೊಡ್ಡ ಗಿರಾಕಿಗಳಿಗಾಗಿ ಅರಿಶಿಣ ಕೊಳ್ಳುತ್ತಿದ್ದರು. ಇಬ್ಬರೂ ಒಂದೇ ವಯಸ್ಸಿನವರು, ಪೇಟೆಗೆ ಒಂದೇ ಸುಮಾರಿಗೆ ಬಂದವರು. ನಾನು ಧನ್ಯಕುಮಾರರನ್ನೂ ಕಾಕಾ ಎಂದೇ ಕರೆಯುತ್ತೇನೆ. ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಎಷ್ಟು ರಾಶಿಯೋ ಅಷ್ಟು ಸಲ ಇವರ ಕೈ ಅವರ ಕೈಯಲ್ಲಿ. ಕೆಲಸ ಮುಗಿಸಿ ಮಿರಜಕ್ಕೆ ಹೋದರೆ ಧನ್ಯಕುಮಾರ ಕಾಕಾನ ಹೆಂಡತಿ ಜಿನಮತಿ, ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಯಲ್ಲಿ, ಇಬ್ಬರಿಗೂ ಒಟ್ಟಿಗೆ ತಾಟು ಹಾಕುತ್ತಿದ್ದರು. ನಮ್ಮ ಕಾಕಾ ಅದೇ ನೆವದಲ್ಲಿ ಎರಡು ಸಲ ಉಣ್ಣುತ್ತಿದ್ದರು, ಅಲ್ಲಿ ಸಂಜೆ, ಇಲ್ಲಿ ರಾತ್ರಿ. ನಮ್ಮ ಸೀತವ್ವ ಕಾಕು, ಅಂದರೆ ಅವರ ಹೆಂಡತಿ, ಇದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಬಡಿಸುತ್ತಿದ್ದರು.

ಬರಬರುತ್ತ ಪೇಟೆಯಲ್ಲಿ ತೆರೆದ ಸವಾಲಿನ ಮಾತು ಎದ್ದಿತು. ಎಲ್ಲರೆದುರು ಗಟ್ಟಿಯಾಗಿ ದರ ಕೂಗಬೇಕು, ರುಮಾಲು ಬೇಡ ಎಂದು ರೈತರು ಕೇಳತೊಡಗಿದರು. ವ್ಯಾಪಾರಿಗಳ ಸಭೆ ಸೇರಿತು. ಅಲ್ಲಿ ಧನ್ಯಕುಮಾರ ಕಾಕಾ ಎದ್ದು ನಿಂತು, “ರುಮಾಲಿನ ಕೆಳಗ ಏನ್ ನಡೀತೈತಿ ಯಾರಿಗೂ ಕಾಣಂಗಿಲ್ಲ. ರೈತರಿಗೆ ಸಂಶೇ ಬರೂದು ಬರೋಬರಿ ಐತಿ. ರುಮಾಲ ತಗದಬಿಡ್ರಿ,” ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಮ್ಮ ಕಾಕಾನ ಕಿವಿಗೆ ಅದು ಬೇರೆಯೇ ಬಿತ್ತು. ತುಂಬಿದ ಸಭೆಯಲ್ಲಿ ಎದ್ದು, “ಧನ್ಯಾ, ಇಷ್ಟ ವರ್ಷ ನನ್ನ ಕೈ ಹಿಡದಿ. ಯಾವತ್ತ ಸುಳ್ಳ ಹೇಳ್ತು ಅದು?” ಎಂದು ಕೇಳಿದರು. ಉತ್ತರಕ್ಕೂ ಕಾಯದೆ ಹೊರಗೆ ನಡೆದರು. ರುಮಾಲು ಹೋಯಿತು, ಸವಾಲು ಬಂತು, ಅಂಗಡಿಯನ್ನು ಮಗ ನೋಡಿಕೊಳ್ಳತೊಡಗಿದ. ಇಬ್ಬರು ಮುದುಕರು ಮಾತ್ರ ಆ ದಿನದಿಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೋದ ವರ್ಷ ಜಿನಮತಿ ತೀರಿಕೊಂಡಾಗ ಸೀತವ್ವ ಕಾಕು ಹೋಗಿ ಮಾತಾಡಿಸಿಕೊಂಡು ಬಂದರು. ಕಾಕಾ ಹೋಗಲಿಲ್ಲ. ನಮ್ಮಲ್ಲಿ ಹಗೆಯವರೂ ಸಾವಿನ ಮನೆಗೆ ಹೋಗಿ ಒಂದು ಗಳಿಗೆ ಕೂತು ಎದ್ದು ಬರುತ್ತಾರೆ. ಆ ಮನೆಯ ಅನ್ನ ಉಂಡ ಮನುಷ್ಯ ಹೋಗಲಿಲ್ಲವೆಂದು ನನಗೆ ಈಗಲೂ ಸಿಟ್ಟು.

ಇಷ್ಟರಲ್ಲಿ ಕಾಕಾನ ಕಣ್ಣು ಮಂಜಾಗತೊಡಗಿತು. ಎಡಗಣ್ಣು ಕಾಚಬಿಂದುವಿನಿಂದ, ಅಂದರೆ ಒಳಗಿನ ಒತ್ತಡ ಏರಿ, ಎಂದೋ ಹೋಗಿದೆ. ಉಳಿದದ್ದು ಬಲಗಣ್ಣು, ಅದಕ್ಕೆ ಪೊರೆ ಬೆಳೆಯಿತು. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುವ ಹಂತ ಬಂದಾಗ ನಾನೇ ಹಟ ಹಿಡಿದು ಮಿರಜದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ತೆಗೆಯುವುದು ಈಗ ಸಣ್ಣ ಕೆಲಸ, ಬೆಳಿಗ್ಗೆ ಹೋದವರು ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ. ವಿಜಾಪುರ, ಅಥಣಿ ಕಡೆಯಿಂದ ಬಂದ ಅಜ್ಜಿಯರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರೇ ಒಳಗೆ ಹೋಗಿ ಕಣ್ಣಿಗೆ ಮುಚ್ಚಳ ಹಾಕಿಕೊಂಡು ಹೊರಗೆ ಬಂದರು. ನಮ್ಮ ಕಾಕಾ ಒಳಗೆ ಹೋದರು, ಹಾಗೇ ಹೊರಗೆ ಬಂದರು. ಮೇಜಿನ ಮೇಲೆ ಮಲಗಿಸಿದ ಕೂಡಲೇ ಅವರ ಬಿಪಿ ಏರಿಬಿಟ್ಟಿತ್ತು. ಅಷ್ಟು ಬಿಪಿ ಇರುವಾಗ ಕಣ್ಣು ಕೊಯ್ದರೆ ಒಳಗೆ ರಕ್ತನಾಳ ಒಡೆಯಬಹುದು. ಹೃದಯ ಬಲಹೀನ ಇದ್ದುದರಿಂದ ಪೂರ್ತಿ ಮೈಮರೆಸುವ ಹಾಗೂ ಇರಲಿಲ್ಲ.

ಗುಳಿಗೆ ಕೊಟ್ಟರು. ಮನೆಯಲ್ಲಿ ಅಳೆದರೆ ಬಿಪಿ ಸರಿಯಾಗಿಯೇ ಇರುತ್ತಿತ್ತು. ಎರಡನೆಯ ಸಲ ಹೋದಾಗ ಡಾಕ್ಟರ್ ಮೃಣಾಲ ಬಾಯಿ ಒಂದು ಉಪಾಯ ಮಾಡಿದರು. ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆ ಬಹಳ. ಮುಖಕ್ಕೆ, ಎದೆಗೆ ಹಸಿರು ಬಟ್ಟೆ ಹೊದಿಸಿದ ಮೇಲೆ ಛಾಯಾ ಎಂಬ ನರ್ಸನ್ನು ಕಾಕಾನ ಪಕ್ಕಕ್ಕೆ ಕೂರಿಸಿ, ಅವರ ಕೈ ಹಿಡಿದುಕೊಳ್ಳಲು ಹೇಳಿದರು. ಛಾಯಾ ಬಟ್ಟೆಯ ಕೆಳಗೆ ಕೈ ಹಾಕಿ, ಏನಾದರೂ ತ್ರಾಸ ಆದರೆ ನನ್ನ ಕೈ ಒತ್ತಿ ಅಜ್ಜಾ ಎಂದು ಮರಾಠಿಯಲ್ಲಿ ಹೇಳಿದಳು.

ಇನ್ನೇನು ಸೂಜಿ ಹಾಕಬೇಕು, ಕಾಕಾ ಕೈ ಒತ್ತಿದರು. ಡಾಕ್ಟರ್ ನಿಲ್ಲಿಸಿದರು. ಏನು ತ್ರಾಸ ಎಂದು ಕೇಳಿದರೆ ಏನಿಲ್ಲ ಎಂಬ ಉತ್ತರ. ಮತ್ತೆ ಶುರು ಮಾಡಿದರು, ಮತ್ತೆ ಒತ್ತಿದರು. ಛಾಯಾ ಗಾಬರಿಯಾಗಿ ಇನ್ನಷ್ಟು ಗಟ್ಟಿಯಾಗಿ ಹಿಡಿದಳು, ಕಾಕಾ ಬೆರಳು ಬದಲಿಸಿ ಒತ್ತಿದರು. ಅಷ್ಟರಲ್ಲಿ ಬಿಪಿ ಮತ್ತೆ ಮೇಲೆ.

ಹೊರಗೆ ಬಂದ ಮೇಲೆ ನಾನು ರೇಗಿದೆ. “ಏನ ಮಾಡಿದ್ರಿ ಕಾಕಾ ಒಳಗ?”

“ನಾ ಏನ್ ಮಾಡ್ಲಿ? ಬಟ್ಟಿ ಕೆಳಗ ಕೈ ಬಂತಂದ್ರ ಸುಮ್ನ ಇರಾಕ ಬರತೈತೇನು? ಆ ಹುಡಿಗಿ ಎರಡ ಬೆರಳ ಹಿಡಿದ್ಲು. ನನ್ನ ಕೈ ತಾನ ಮೂರ ಅಂತು.” ಬೆರಳು ಮಡಚಿ ಬಿಡಿಸುತ್ತ, “ಆ ಕೈಯಾಗ ಅವಸರ ಇತ್ತು. ಅವಸರದ ಕೈ ಕಂಡ್ರ ನನಗ ಎದಿ ಹಾರತೈತಿ,” ಎಂದರು.

ನಗು ಬರುವ ಮಾತು. ಡಾಕ್ಟರಿಗೆ ಹೇಳಿದಾಗ ಅವರೂ ನಕ್ಕರು. ಆಮೇಲೆ ನನ್ನನ್ನು ಮಾತ್ರ ಒಳಗೆ ಕೂರಿಸಿ, ಪೊರೆ ಉಬ್ಬುತ್ತಿದೆ, ಇನ್ನು ಕಾಯುತ್ತ ಕೂತರೆ ಕಣ್ಣಿನೊಳಗೆ ಒತ್ತಡ ಏರಿ ಈ ಕಣ್ಣೂ ಹೋಗುತ್ತದೆ ಎಂದರು. ಬರುವ ಸೋಮವಾರ ಇನ್ನೊಂದು ಸಲ ನೋಡೋಣ, ಆ ದಿನವೂ ಆಗದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು. ನನ್ನ ನಗು ಅಲ್ಲೇ ನಿಂತಿತು.

ಆ ದಿನ ಅವರು ಮರಾಠಿಯಲ್ಲಿ ನನಗೆ ತಿಳಿಸಿ ಹೇಳಿದ್ದು ಹೀಗೆ. ಮನುಷ್ಯನ ಮೆದುಳು ಅಪಾಯದ ಲೆಕ್ಕ ಹಾಕುವಾಗ ಎದುರಿಗೆ ಏನಿದೆ ಎನ್ನುವುದನ್ನಷ್ಟೇ ನೋಡುವುದಿಲ್ಲ, ಜೊತೆಗೆ ಯಾರಿದ್ದಾರೆ ಎಂದೂ ನೋಡುತ್ತದೆ. ಒಬ್ಬನೇ ಇದ್ದೇನೆ ಎಂದು ಅದಕ್ಕೆ ಅನಿಸಿದರೆ ಸಣ್ಣ ಸೂಜಿಗೂ ಎದೆ ಬಡಿತ, ರಕ್ತದ ಒತ್ತಡ ಎಲ್ಲವನ್ನೂ ಏರಿಸಿ ಮೈಯನ್ನು ಸಜ್ಜು ಮಾಡುತ್ತದೆ. ನಂಬಿದವರ ಕೈ ಒಂದು ಕೈಯಲ್ಲಿದ್ದರೆ, ಈ ಭಾರ ಹೊರಲು ಇಬ್ಬರಿದ್ದೇವೆ ಎಂದು ತಿಳಿದು ಅಷ್ಟರಮಟ್ಟಿಗೆ ಸುಮ್ಮನಾಗುತ್ತದೆ. ಯಾರದೋ ಕೈ ಆದರೂ ಸ್ವಲ್ಪ ನಡೆಯುತ್ತದೆ, ಪಳಗಿದ ಕೈಯಾದರೆ ಬಹಳ. ನಿಮ್ಮ ಕಾಕಾಗೆ ಪಳಗಿದ ಕೈ ಯಾರದಿದೆ, ಅವರನ್ನು ಕರೆದುಕೊಂಡು ಬನ್ನಿ ಎಂದರು.

ಬಸ್ಸಿನಲ್ಲಿ ಕೂತು ನಾನು ಕಾಕಾಗೆ ಹೇಳಿದೆ, ನಾನೇ ಒಳಗೆ ಬಂದು ಕೈ ಹಿಡಿಯುತ್ತೇನೆ ಎಂದು. ಅವರು ತಲೆ ಅಲ್ಲಾಡಿಸಿದರು. “ನಿನ್ನ ಕೈ ನನಗೇನ ಗೊತ್ತೈತಿ ಸುಮನ.” ಮನಸ್ಸಿಗೆ ಕೆಟ್ಟದೆನಿಸಿತು. ಯೋಚಿಸಿದರೆ ನಿಜ. ನಮ್ಮ ಮನೆಗಳಲ್ಲಿ ಕಾಲು ಮುಟ್ಟುತ್ತೇವೆ, ಕೈ ಯಾರೂ ಹಿಡಿಯುವುದಿಲ್ಲ. ಹಬ್ಬಕ್ಕೆಲ್ಲ ಅವರ ಕಾಲಿಗೆ ಬಿದ್ದಿದ್ದೇನೆ, ಅವರ ಅಂಗೈ ಒರಟೋ ನುಣುಪೋ ನನಗೆ ತಿಳಿಯದು.

ಕಾಕಾ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಸೀತವ್ವ ಕಾಕುಗೆ ಎಲ್ಲ ಹೇಳಿದೆ. ನೀವೇ ಬರ್ರಿ ಎಂದೆ.

“ನಾ ಬಂದು ಏನ್ ಮಾಡ್ಲಿ?” ಎಂದರು ಕಾಕು, ಅಕ್ಕಿ ಆರಿಸುತ್ತ. “ನನ್ನ ಕೈ ಮದಿವಿ ದಿನ ಒಮ್ಮೆ ಹಿಡದಿದ್ರು, ಅದೂ ಅಯ್ಯನೋರು ಹಿಡಿ ಅಂದಿದ್ದಕ್ಕ. ಆಮ್ಯಾಲ ಅವರು ಹಿಡದಿದ್ದು ಒಂದ ಕೈ. ಅದು ಮಿರಜದಾಗ ಐತಿ.” ಕೈಯಲ್ಲಿದ್ದ ಹರಳು ತೆಗೆದು ಪಕ್ಕಕ್ಕೆ ಹಾಕಿದರು. “ನೀ ಹೋಗಿ ಕೇಳ. ಇವರಿಗೆ ಹೇಳಬ್ಯಾಡ. ಹೇಳಿದ್ರ ಕುರುಡ ಆಗತೇನಿ, ಅವನ ಕೈ ಹಿಡಿಯಂಗಿಲ್ಲ ಅಂತಾರ.” ಕಾಕು ಆಡಿದ್ದು ಹಾಸ್ಯದಂತೆ ಇತ್ತು, ಕಣ್ಣಲ್ಲಿ ಮಾತ್ರ ನೀರಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಮಿರಜಕ್ಕೆ ಹೋದೆ. ಸಿತಾರ ಮಾಡುವವರ ಓಣಿ ದಾಟಿದರೆ ಧನ್ಯಕುಮಾರ ಕಾಕಾನ ಮನೆ. ಇನ್ನೂ ಹೊತ್ತಿತ್ತು, ಅವರು ಆಗಲೇ ಊಟ ಮುಗಿಸಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಗೋಡೆಯ ಮೇಲೆ ಜಿನಮತಿಯ ಫೋಟೋ, ಅದಕ್ಕೆ ಗಂಧದ ಹಾರ. ಸೊಸೆ ಅನುಜಾ ನೀರು ತಂದಿಟ್ಟು ಒಳಗೆ ಹೋದಳು.

ನಾನು ಹೇಳುವುದನ್ನೆಲ್ಲ ಅವರು ತಲೆ ತಗ್ಗಿಸಿ ಕೇಳಿದರು. “ಅಂವ ಕಳಿಸ್ಯಾನೇನು?”

“ಇಲ್ರಿ ಕಾಕಾ. ಅವರಿಗೆ ಗೊತ್ತಿಲ್ಲ. ಸೀತವ್ವ ಕಾಕು ಕಳಿಸ್ಯಾರ.”

ಅವರು ಗೋಡೆಯ ಫೋಟೋದ ಕಡೆ ನೋಡಿದರು. ಆಮೇಲೆ, “ಜಿನಮತಿನ ಆಪರೇಶನ್ನಿಗೆ ಒಯ್ಯುವಾಗ ಅಕಿ ನನ್ನ ಕೈ ಹಿಡಕೊಂಡಿದ್ಲು,” ಎಂದರು. “ಬಾಗಲತನಾ ಹಿಡಕೊಂಡ ಹ್ವಾದೆ. ಬಾಗಲದಾಗ ಬಿಡಿಸಿದ್ರು. ಬಿಡಿಸಬೇಕಾಗತೈತಿ, ಅವರದೇನ ತಪ್ಪಿಲ್ಲ. ಮತ್ತ ನಾ ಅಕಿ ಕೈ ಹಿಡದಾಗ ಅದು ತಣ್ಣಗಿತ್ತು. ಅವತ್ತಿಂದ ನಾ ಯಾವ ದವಾಖಾನಿ ಮೆಟ್ಲಾನೂ ಹತ್ತಿಲ್ಲವಾ. ಆ ವಾಸನಿ ಬಂದ್ರ ಮೈಯೆಲ್ಲಾ ನಡಗತೈತಿ. ನನ್ನಿಂದ ಆಗಂಗಿಲ್ಲ.”

ನಾನು ಎದ್ದು ನಿಂತೆ. ಇಂಥ ಮನುಷ್ಯನನ್ನು ಒತ್ತಾಯ ಮಾಡಲು ನನಗೆ ಬಾಯಿ ಬರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವರ ದನಿ ಕೇಳಿಸಿತು. “ಅಂವ ಮಾತಾಡ್ಸಾಕ ಬರಲಿಲ್ಲ, ಸುಮನ. ಊರೆಲ್ಲಾ ಬಂತು.”

ನಾನು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೊರಬಿದ್ದೆ. ಆಪರೇಶನ್ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಅವರು ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ, ಅಷ್ಟೇ.

ಸೋಮವಾರ ಕಾಕಾನನ್ನು ಕರೆದುಕೊಂಡು ಹೋದಾಗ ನನಗೆ ಯಾವ ಆಸೆಯೂ ಇರಲಿಲ್ಲ. ಬಸ್ಸಿನಲ್ಲಿ ಕಾಕಾ ಒಮ್ಮೆ ನನ್ನ ಕಡೆ ಮುಖ ತಿರುಗಿಸಿ, “ಇದ ಕಡೀ ಸಲಾ ಅಲ್ಲೇನು?” ಎಂದು ಕೇಳಿದರು. ಡಾಕ್ಟರ್ ಅವರಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೌದ್ರಿ ಎಂದೆ. ಅವರು ತಲೆ ಆಡಿಸಿ ಕಿಟಕಿಯ ಕಡೆ ತಿರುಗಿದರು, ಅಲ್ಲಿ ಅವರಿಗೆ ಕಾಣುವುದೇನೂ ಇರಲಿಲ್ಲ.

ಕಾಕಾನನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗಿನ ಬಾಗಿಲಿಗೆ ಬಂದು ನೋಡಿದೆ. ಆಸ್ಪತ್ರೆಯ ಮೆಟ್ಟಿಲ ಕೆಳಗೆ ಧನ್ಯಕುಮಾರ ಕಾಕಾ ನಿಂತಿದ್ದರು. ಬಿಳಿ ಟೊಪ್ಪಿಗೆ, ಧೋತರ, ಹೆಗಲ ಮೇಲೆ ಮಡಚಿದ ರುಮಾಲು. ಕಬ್ಬಿಣದ ಕಟಾಂಜನ ಹಿಡಿದುಕೊಂಡು ಒಂದು ಮೆಟ್ಟಿಲು ಹತ್ತಿದರು, ನಿಂತರು. ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ನಾನು ಓಡಿ ಹೋಗಿ ತೋಳು ಹಿಡಿದೆ. ಅವರು ನನ್ನ ಮುಖ ನೋಡದೆ ಉಳಿದ ಮೆಟ್ಟಿಲು ಹತ್ತಿದರು.

ಮೃಣಾಲ ಬಾಯಿಯಿಂದ ಇವರ ಜಗಳದ ಸಂಗತಿ ನಾನು ಮುಚ್ಚಿಟ್ಟಿರಲಿಲ್ಲ. ಅವರು ಯೋಚಿಸಿ, ಸೂಜಿ ಹಾಕುವ ಮೊದಲು ಇವರು ಕೈ ಹಿಡಿಯಲಿ, ಪೇಶಂಟಿಗೆ ಬೇಡವಾದರೆ ಅಲ್ಲಿಗೆ ನಿಲ್ಲಿಸೋಣ ಎಂದರು. ಧನ್ಯಕುಮಾರ ಕಾಕಾಗೆ ಮೇಲಂಗಿ, ಟೊಪ್ಪಿಗೆ ತೊಡಿಸಿ, ರುಮಾಲು ನನ್ನ ಕೈಗೆ ಕೊಟ್ಟು ಒಳಗೆ ಕರೆದುಕೊಂಡರು. ಬಾಗಿಲಿಗೆ ದುಂಡನೆಯ ಗಾಜು ಇತ್ತು. ನಾನು ಅದಕ್ಕೆ ಮುಖ ಹಚ್ಚಿ ನಿಂತೆ.

ಕಾಕಾ ಆಗಲೇ ಬಟ್ಟೆಯ ಕೆಳಗಿದ್ದರು, ಪಾದ ಮಾತ್ರ ಕಾಣುತ್ತಿತ್ತು. ಧನ್ಯಕುಮಾರ ಕಾಕಾ ಪಕ್ಕದ ಸ್ಟೂಲಿನ ಮೇಲೆ ಕೂತು ಹಸಿರು ಬಟ್ಟೆಯ ಕೆಳಗೆ ಕೈ ಹಾಕಿದರು. ಬಟ್ಟೆ ಸ್ವಲ್ಪ ಅಲುಗಿತು, ನಿಂತಿತು. ಮರುಕ್ಷಣ ಥಟ್ಟನೆ ಜಗ್ಗಿದ ಹಾಗೆ ಸರಿಯಿತು. ಕಾಕಾ ಕೈ ಕಿತ್ತುಕೊಂಡಿದ್ದರು. ಡಾಕ್ಟರ್ ಬಿಪಿಯ ಯಂತ್ರದ ಕಡೆ ನೋಡಿ, ನಿಲ್ಲಿ ಎನ್ನುವಂತೆ ಛಾಯಾಗೆ ಕೈ ತೋರಿಸಿದರು. ಆಯಿತು, ಎಲ್ಲ ಹಾಳಾಯಿತು ಎಂದುಕೊಂಡೆ. ಒಂದು ಕಣ್ಣಿಗಾಗಿ ಇಬ್ಬರು ಮುದುಕರನ್ನು ಸಂಕಟಕ್ಕೆ ನೂಕಿದೆನಲ್ಲ ಎಂದು ನನ್ನ ಮೇಲೆಯೇ ಹೇಸಿಗೆ ಬಂತು.

ಧನ್ಯಕುಮಾರ ಕಾಕಾ ಏಳಲಿಲ್ಲ. ಅವರ ಕೈ ಬಟ್ಟೆಯ ಕೆಳಗೆ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಬಟ್ಟೆ ಮೆಲ್ಲಗೆ ಸರಿದು ಬಂತು, ಅವರ ಕೈಯ ಮೇಲೆ ಉಬ್ಬಿ ನಿಂತಿತು. ಆಮೇಲೆ ಅಲುಗಲಿಲ್ಲ. ಛಾಯಾ ಯಂತ್ರ ನೋಡಿದಳು, ಕಾದಳು, ಮತ್ತೆ ನೋಡಿ ಡಾಕ್ಟರಿಗೆ ತಲೆ ಆಡಿಸಿದಳು. ಡಾಕ್ಟರ್ ಸೂಜಿ ಎತ್ತಿಕೊಂಡರು. ನಾನು ಅಲ್ಲಿಂದ ಬಂದು ಬೆಂಚಿನ ಮೇಲೆ ಕೂತು ಆ ರುಮಾಲಿನಿಂದಲೇ ಕಣ್ಣು ಒರೆಸಿಕೊಂಡೆ.

ಬಟ್ಟೆಯ ಕೆಳಗೆ ಏನಾಯಿತೆಂದು ಕಾಕಾ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ, ಕಣ್ಣು ಚೆನ್ನಾಗಿ ಕಾಣತೊಡಗಿ, ನನ್ನ ತಲೆಯಲ್ಲಿ ಬಿಳಿಕೂದಲು ಬಂದದ್ದನ್ನು ನೋಡಿ ಬೇಜಾರು ಮಾಡಿಕೊಂಡ ದಿನ. ಧನ್ಯಕುಮಾರ ಕಾಕಾನ ಕಿರುಬೆರಳು ಸೊಟ್ಟ, ಹಿಂದೆ ಎಂದೋ ಚೀಲ ಬಿದ್ದು ಮುರಿದದ್ದು.

“ಆ ಬೆರಳ ಸಿಕ್ಕ ಕೂಡಲೆ ಗೊತ್ತಾತು, ಯಾರಂತ. ಸಿಟ್ಟ ಬಂತು, ಕಿತಗೊಂಡೆ. ಕಿತಗೊಂಡ ಮ್ಯಾಲ ತಿಳೀತು, ಆ ಕೈ ನಡಗಾಕ ಹತ್ತಿತ್ತು. ಧನ್ಯಾನ ಕೈ ಎಂದೂ ನಡಗಿದ್ದಲ್ಲ ಸುಮನ. ಎಂಥಾ ಸೌದಾದಾಗೂ ನಡಗಿದ್ದಲ್ಲ. ಜಿನಮತಿ ವೈನಿ ಒಳಗ ಹ್ವಾದಾಗಿಂದ ಆ ಕೈ ಹಂಗ ನಡಗಾಕ ಹತ್ತೇತಿ, ಹಿಡಿಯಾವ್ರ ಯಾರೂ ಇಲ್ಲ, ನಾನೂ ಹೋಗಲಿಲ್ಲ. ಅದನ್ನ ಹಂಗ ಬಿಟ್ಟು ನಾ ಹೆಂಗ ಮಲಗ್ಲಿ? ನಾನ ಹುಡಿಕ್ಯಾಡಿ ಹಿಡದೆ.”

“ಎಷ್ಟ ಬೆರಳ ಹಿಡಿದ್ರಿ?” ನಾನು ಚೇಷ್ಟೆಗೆ ಕೇಳಿದೆ.

ಅವರು ನಗಲಿಲ್ಲ. “ಬೆರಳ ಹಿಡೀಲಿಲ್ಲ. ಇಡೀ ಅಂಗೈ ಒತ್ತಿದೆ. ಅಂವ ಏನೂ ಕೇಳಿರಲಿಲ್ಲ. ನಾ ಒಪ್ಪಿದೆ.” ತಮ್ಮ ಬಲಗೈಯನ್ನು ತಾವೇ ನೋಡಿಕೊಂಡರು. “ಆಮ್ಯಾಲ ಹೆದರಿಕಿ ಅನ್ನೂದ ನೆನಪ ಆಗಲಿಲ್ಲ ನನಗ. ಅವನ ಕೈ ನಡಗೂದು ಯಾವಾಗ ನಿಲ್ಲತೈತಿ ಅಂತ ಅದನ್ನ ನೋಡಕೋತ ಇದ್ದೆ. ಡಾಕ್ಟರ್ ಮುಗೀತು ಅಂದ್ರು.”

ಮೃಣಾಲ ಬಾಯಿ ಹೇಳಿದ ಲೆಕ್ಕದಲ್ಲಿ ಇದು ಇರಲಿಲ್ಲ. ಧೈರ್ಯ ಇರುವವನು ಹೆದರಿದವನಿಗೆ ಕೊಡುತ್ತಾನೆ ಎಂದು ನಾನು ತಿಳಿದಿದ್ದೆ. ಅವತ್ತು ಇಬ್ಬರಲ್ಲಿಯೂ ಇರಲಿಲ್ಲ, ಆದರೂ ಇಬ್ಬರಿಗೂ ಸಿಕ್ಕಿತು. ಗಣಿತ ಕಲಿಸುವ ನನಗೆ ಈ ಕೂಡಿಸುವ ಲೆಕ್ಕ ಇನ್ನೂ ಬಿಡಿಸಲು ಬಂದಿಲ್ಲ.

ಆ ಸೋಮವಾರ ಕಾಕಾ ಬಲಗಣ್ಣಿಗೆ ಮುಚ್ಚಳ ಹಾಕಿಕೊಂಡು ಹೊರಗೆ ಬಂದರು. ಅಂದರೆ ಆ ದಿನದ ಮಟ್ಟಿಗೆ ಪೂರ್ತಿ ಕುರುಡರು. ಧನ್ಯಕುಮಾರ ಕಾಕಾ ಅವರ ತೋಳು ಹಿಡಿದಿದ್ದರು. ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ನಾನು ರುಮಾಲು ತಿರುಗಿ ಕೊಟ್ಟೆ, ಅವರು ಅದನ್ನು ಹೆಗಲಿಗೆ ಹಾಕಿಕೊಂಡರು. ಮೂವರೂ ರಿಕ್ಷಾದಲ್ಲಿ ಕೂತೆವು. ಸಾಂಗಲಿ ಎಂದೆ ನಾನು ರಿಕ್ಷಾದವನಿಗೆ.

“ಸಾಂಗಲಿ ಬ್ಯಾಡ,” ಎಂದರು ಕಾಕಾ. “ಮೊದಲ ಧನ್ಯಾನ ಮನಿ.”

ಆ ಮನೆಯ ಹೊಸ್ತಿಲನ್ನು ಅವರ ಕಾಲು ಮರೆತಿರಲಿಲ್ಲ, ಯಾರೂ ಹೇಳದೆ ಎತ್ತಿ ಇಟ್ಟರು. ಪಡಸಾಲೆಯ ಮಂಚದ ಮೇಲೆ ಕೂರಿಸಿದೆವು. ಅನುಜಾ ಒಳಗಿನಿಂದ ಬಂದು ಗಾಬರಿಯಿಂದ ನನ್ನ ಮುಖ ನೋಡಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

“ಫೋಟೋ ಎಲ್ಲಿ ಐತಿ?” ಎಂದು ಕಾಕಾ ಕೇಳಿದರು. ನಾನು ಅವರ ಭುಜ ಹಿಡಿದು ಆ ಕಡೆಗೆ ತಿರುಗಿಸಿದೆ. ಕಾಣದ ಫೋಟೋಕ್ಕೆ ಎರಡೂ ಕೈ ಜೋಡಿಸಿದರು. ಸಾವಿನ ಮನೆಗೆ ಮಾತಾಡಿಸಲು ಹೋದವರು ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಅವರೂ ಹಾಗೆ ಕೂತರು.

“ಧನ್ಯಾ, ತಡಾ ಆತು,” ಎಂದರು.

“ಆತು,” ಎಂದರು ಧನ್ಯಕುಮಾರ ಕಾಕಾ, ಅವರ ಪಕ್ಕದಲ್ಲಿ ಕೂತು.

ಕಾಕಾ ಬಲಗೈ ಮುಂದೆ ಚಾಚಿದರು. ಅದು ಗಾಳಿಯಲ್ಲಿ ಸ್ವಲ್ಪ ಹುಡುಕಿತು. ಧನ್ಯಕುಮಾರ ಕಾಕಾ ತಮ್ಮ ಕೈ ಕೊಟ್ಟರು. ಎರಡೂ ಕೈಗಳು ಮಂಚದ ಮೇಲೆ ನಮ್ಮೆಲ್ಲರ ಎದುರಿಗೆ ಇದ್ದವು. ಧನ್ಯಕುಮಾರ ಕಾಕಾ ಅಳುತ್ತಿದ್ದರು. ರುಮಾಲು ಅವರ ಹೆಗಲ ಮೇಲೆಯೇ ಇತ್ತು, ಇಬ್ಬರಲ್ಲಿ ಯಾರೂ ಅದನ್ನು ತೆಗೆದು ಕೈಗಳ ಮೇಲೆ ಹಾಕಲಿಲ್ಲ.